ಎರಡನೇ ಸೀಟು

ನನ್ನ ಸೋದರಮಾವ ಉಪ್ಪಿಟ್ಟನ್ನೂ ಹೇಳಿಕೊಟ್ಟ ಹಾಗೆ ಮಾಡಿದವರಲ್ಲ. ಅಂಥವರು ವಿಮಾನ ಕಟ್ಟಲು ಕೂತರೆ ಏನಾಗಬಹುದು, ನೀವೇ ಹೇಳಿ!

ಹುನಗುಂದದಲ್ಲಿ ಪಂಪ್‌ಸೆಟ್ ರಿಪೇರಿ ಅವರ ಕಸುಬು. ಅವರ ಮನೆಯ ಫ್ಯಾನು ಗಾಳಿಯನ್ನು ಮೇಲಕ್ಕೆ ಬೀಸುತ್ತದೆ. ಕೇಳಿದರೆ, "ಮಾಳಿಗಿಗೂ ಧಗಿ ಆಗೂದಿಲ್ಲೇನು?"

ವಿಮಾನದ ನಕ್ಷೆ ಪರದೇಶದಿಂದ ಬಂತು. ಕಟ್ಟಿಗೆ ಮತ್ತು ಬಟ್ಟೆಯ, ಒಂದೇ ಸೀಟಿನ ಪುಟ್ಟ ವಿಮಾನ. ಎಷ್ಟೋ ಮಂದಿ ಅದರಂತೆ ಮನೆಯಲ್ಲೇ ಕಟ್ಟಿ, ಹಾರಿ, ಕ್ಷೇಮವಾಗಿ ಇಳಿದಿದ್ದರು. ಮಾವ ಮೊದಲ ಹಾಳೆಯಲ್ಲೇ ಪೆನ್ಸಿಲ್ಲಿನಿಂದ ಎರಡನೇ ಸೀಟು ಬರೆದರು.

"ಮಾಮಾ, ನಕ್ಷಾದಾಗ ಒಂದ ಸೀಟ್ ಐತಿ."

"ಬರದಾವ್ಗ ಲಗ್ನ ಆಗಿರಲಿಕ್ಕಿಲ್ಲ ಬಿಡಲೇ!"

ಸೀಟು ಎರಡಾದ ಮೇಲೆ ಒಡಲು ಅಗಲವಾಯಿತು. ಒಡಲು ಅಗಲವಾದ ಮೇಲೆ ರೆಕ್ಕೆ ಉದ್ದವಾಯಿತು. ರೆಕ್ಕೆ ಶೆಡ್ಡಿನಲ್ಲಿ ಹಿಡಿಯದೆ ಗೋಡೆಗೆ ಕಿಂಡಿ ಬಿತ್ತು. ಕಿಂಡಿಯಿಂದ ಹೊರಬಂದ ರೆಕ್ಕೆಯ ಮೇಲೆ ಪಕ್ಕದ ಮನೆಯವರು ಕೌದಿ ಒಣಹಾಕಿದರು!

ಅತ್ತೆ ಮಾತ್ರ ನಗಲಿಲ್ಲ. "ಪಂಪ್ ಕೆಟ್ರ ನೀರು ಬರೂದಿಲ್ಲ, ಅಷ್ಟ. ಇದು ಮ್ಯಾಲೆ ಕೆಟ್ರ ನೀವ ಬರೂದಿಲ್ಲ. ಮೊದಲ ರೆಕ್ಕಿ ಮ್ಯಾಲೆ ಭಾರ ಹೇರಿ ತೋರಸ್ರಿ. ತಡದ್ರ ನಾನೂ ಹತ್ತತೇನಿ."

ರೆಕ್ಕೆಯನ್ನು ಬೋರಲು ಹಾಕಿ ಉಸುಕಿನ ಚೀಲ ಹೇರಬೇಕೆಂದು ನಕ್ಷೆಯಲ್ಲಿತ್ತು. ಮನೆಯಲ್ಲಿ ಜೋಳ ಇರುವಾಗ ಉಸುಕು ಯಾಕೆ? ಮಾವ ಜೋಳದ ಚೀಲ ಹೇರಿದರು. ಎಷ್ಟನೆಯ ಚೀಲಕ್ಕೆ ಮುರಿಯಿತೆಂದು ಕೇಳಬೇಡಿ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ, ನನ್ನದಂತೂ ಹೇಳಿದಾಗಲೆಲ್ಲ ಬದಲಾಗುತ್ತದೆ. 'ಲಟ್' ಅಂದದ್ದು ಮಾತ್ರ ಖರೆ. ಚೀಲ ಹರಿದು ಅಂಗಳದ ತುಂಬ ಜೋಳ, ಓಣಿಯ ಕೋಳಿಗಳೆಲ್ಲ ಹಾಜರು!

"ಪುಣ್ಯಾ ಬಂತ್ ಬಿಡ್ರಿ," ಎಂದರು ಅತ್ತೆ, "ಹಾರಲಾರದ ಹಕ್ಕಿಗೋಳ ಹೊಟ್ಟಿ ತುಂಬಿತು."

ಮಾವನಿಗೆ ಅದು ಕೇಳಿಸಲಿಲ್ಲ. ಮುರಿದ ಕಟ್ಟಿಗೆಯನ್ನು ಹಿಡಿದು ಅತ್ತೆಯನ್ನೇ ನೋಡುತ್ತ ನಿಂತಿದ್ದರು. "ಇದರಾಗ ನೀ ಕುಂತಿದ್ದೀ ಅಂದ್ರ…" ಒಳಗೆ ಹೋಗಿ ಎರಡನೇ ಸೀಟನ್ನು ಅಳಿಸಿದರು.

ಹೊಸದನ್ನು ನಕ್ಷೆಯಲ್ಲಿದ್ದ ಹಾಗೆಯೇ, ಎಳ್ಳಷ್ಟೂ ಆಚೀಚೆ ಮಾಡದೆ ಕಟ್ಟಿದರು. ಆ ರೆಕ್ಕೆ ಚೀಲಗಳನ್ನೆಲ್ಲ ಹೊತ್ತು ಸುಮ್ಮನೆ ನಿಂತಿತು.

ಎಂಜಿನ್ ಇನ್ನೂ ಬಂದಿಲ್ಲ. ಆದರೂ ಮೊನ್ನೆ ನಾನು ಹೋದಾಗ ವಿಮಾನ ಊರಾಚೆಯ ಹೊಲದ ದಾರಿಯಲ್ಲಿ ಉರುಳುತ್ತಿತ್ತು! ಇದ್ದ ಒಂದೇ ಸೀಟಿನಲ್ಲಿ ಸೆರಗು ಸಿಕ್ಕಿಸಿಕೊಂಡು ಅತ್ತೆ ಕೂತಿದ್ದರು. ಹಿಂದೆ ಮಾವ, ಏದುಸಿರು ಬಿಡುತ್ತ ನೂಕುತ್ತಿದ್ದರು.

"ಸಾಕೇನ?"

"ಇನ್ನೊಂಚೂರು ಜೋರ್ ನೂಕ್ರಿ. ಈಗ ಮಾರಿಗೆ ಗಾಳಿ ಬಡ್ಯಾಕತ್ತೇತಿ."