ಮೂರು ಗಂಟೆಗೆ ಬರುವ ಹಾಳೆ

ಕಣ್ಣಿಗೆ ಕಾಣದ ವಸ್ತುಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ, ಭಯ ಜಾಸ್ತಿ. ಎರಡೂ ಒಟ್ಟಿಗೆ ಹೇಗೆ ಎಂದು ನೀವು ಕೇಳಬಹುದು. ದೆವ್ವ ಗಿವ್ವ ಏನೂ ಇಲ್ಲ ಎಂದು ಚಹಾದಂಗಡಿಯಲ್ಲಿ ಅರ್ಧ ತಾಸು ವಾದ ಮಾಡಿ ಗೆದ್ದು, ಮನೆಗೆ ಬರುವಾಗ ಹುಣಸೆಮರದ ಓಣಿ ತಪ್ಪಿಸಿ ಸುತ್ತು ಹಾಕಿಕೊಂಡು ಬರುವವರನ್ನು ನೀವು ನೋಡಿರಬಹುದು. ನಾನು ಆ ಪೈಕಿ. ಕೆಲಸ ಮಾಡಿದ್ದು ನೀರಾವರಿ ಇಲಾಖೆಯಲ್ಲಿ, ಅದೂ ಹೆಚ್ಚಾಗಿ ಗಂಗಾವತಿ ಕಡೆಯ ಕಾಲುವೆಗಳ ಮೇಲೆ. ಕಾಲುವೆಯ ನೀರು ಬಹಳ ಪ್ರಾಮಾಣಿಕವಾದದ್ದು. ಗೇಟು ಎತ್ತಿದರೆ ಹೋಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ಯಾರಾದರೂ ಕದ್ದು ತೂಬು ತೆಗೆದರೆ ಕೆಸರಿನಲ್ಲಿ ಅವರ ಹೆಜ್ಜೆ ಉಳಿಯುತ್ತದೆ. ನಿವೃತ್ತನಾಗಿ ಕುಷ್ಟಗಿಯ ಮನೆಗೆ ಬಂದು ಕುಳಿತ ಮೇಲೆ ಮನೆಯೊಳಗೆ ವೈಫೈ ಎಂಬ ಇನ್ನೊಂದು ಕಾಲುವೆ ಹರಿಯತೊಡಗಿತು. ಅದಕ್ಕೆ ನೀರಿಲ್ಲ, ಗೇಟಿಲ್ಲ, ಕೆಸರಂತೂ ಇಲ್ಲವೇ ಇಲ್ಲ.

ಅದನ್ನು ಹಾಕಿಸಿದ್ದು ನನ್ನ ಹೆಂಡತಿ ಸರೋಜಳ ಧಾರಾವಾಹಿಗಳ ಸಲುವಾಗಿ. ಅದು ಬಂದ ವಾರದಲ್ಲೇ ಕೊಪ್ಪಳದಲ್ಲಿರುವ ಅಳಿಯ ತನ್ನ ಹಳೆಯ ಪ್ರಿಂಟರನ್ನು ನಮಗೆ ದಾಟಿಸಿದ. ವೈರು ಬೇಡ, ಫೋನಿನಿಂದಲೇ ಹೇಳಿದರೆ ಸಾಕು, ಅಚ್ಚು ಹಾಕುತ್ತದೆ ಎಂದ. ಎರಡನ್ನೂ ಪಡಸಾಲೆಯ ಮೂಲೆಯ ಮೇಜಿನ ಮೇಲೆ ಕೂರಿಸಿ, ಒಂದಕ್ಕೊಂದು ಪರಿಚಯ ಮಾಡಿಸಿ, ಕೊನೆಯಲ್ಲಿ "ಮಾವಾರ, ಪಾಸ್‌ವರ್ಡ್ ಏನ್ ಇಡೂಣ್ರಿ?" ಎಂದು ಕೇಳಿದ. ನಾನು ದೊಡ್ಡ ಮನುಷ್ಯನಂತೆ ನಕ್ಕುಬಿಟ್ಟೆ. "ಯಾವ ಪಾಸ್‌ವರ್ಡೂ ಬ್ಯಾಡ್ರಿ. ನಮ್ಮನ್ಯಾಗ ಕದಿಯಾಕ ಏನೈತಿ? ಬಂದವರು ಬರ್ಲಿ ಬಿಡ್ರಿ" ಎಂದೆ. ಅಳಿಯ, ಮಾವನ ಔದಾರ್ಯಕ್ಕೆ ಎದುರಾಡಬಾರದೆಂದೋ ಏನೋ, ಚೀಲ ಎತ್ತಿಕೊಂಡ. ಬಸ್ಸಿನ ಹೊತ್ತೂ ಆಗಿತ್ತು.

ನನ್ನ ದಿನಚರಿಯಲ್ಲಿ ವಿಶೇಷವೇನೂ ಇಲ್ಲ. ಮಧ್ಯಾಹ್ನ ಊಟ, ಒಂದು ಸಣ್ಣ ನಿದ್ದೆ, ಮೂರು ಗಂಟೆಗೆ ಎದ್ದು ಹಿತ್ತಲಿನ ಕರಿಬೇವಿನ ಗಿಡಕ್ಕೂ ನಾಲ್ಕು ಕುಂಡಗಳಿಗೂ ನೀರು. ನಮ್ಮ ಕಡೆಯ ಬೇಸಿಗೆಯ ಮೂರು ಗಂಟೆ ಎಂದರೆ ಓಣಿಯಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ಬಿಸಿಲು ಬಿದ್ದ ಸದ್ದು ಕೇಳಿಸುತ್ತದೇನೋ ಅನ್ನುವಷ್ಟು ನಿಶ್ಶಬ್ದ. ಅಂಥ ಒಂದು ಮೂರು ಗಂಟೆಯಲ್ಲಿ ನಾನು ನೀರು ಹಾಕಿ ಒಳಗೆ ಬಂದು ಕೈ ಒರೆಸಿಕೊಳ್ಳುತ್ತಿದ್ದಾಗ ಮೂಲೆಯ ಪ್ರಿಂಟರು ತಾನಾಗಿಯೇ ಎಚ್ಚರವಾಯಿತು. ದೀಪ ಹತ್ತಿತು. ಒಳಗೆಲ್ಲೋ ಒಂದು ಚಕ್ರ ಗಂಟಲು ಸರಿಮಾಡಿಕೊಂಡಿತು. ಒಂದು ಹಾಳೆ ಮೆಲ್ಲಗೆ ನಾಲಿಗೆಯ ಹಾಗೆ ಹೊರಗೆ ಬಂತು. ಸರೋಜ ಮಲಗಿದ್ದಳು, ನನ್ನ ಫೋನು ಕಿಟಕಿಯ ಮೇಲಿತ್ತು. ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಇಷ್ಟೇ ಇತ್ತು: "ನೀ ನೀ ನೀರು. ಬಾ. ಬಾ ಬಾ. ಬಂದ."

ಹಳೆಯ ಯಂತ್ರ ಏನೋ ತೊದಲಿದೆ ಎಂದುಕೊಂಡು ಹಾಳೆಯನ್ನು ಮಡಚಿಟ್ಟೆ. ಮರುದಿನ ಅದೇ ಹೊತ್ತಿಗೆ, ನಾನು ಹಿತ್ತಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಮತ್ತೊಂದು ಬಂತು: "ನೀರು ಬಂದ. ಬಾಗಿಲು ಬಂದ. ಬಿಳಿ ಬಿಳಿ ತಲೆ." ನನ್ನ ಕೈ ನನಗೇ ತಿಳಿಯದೆ ತಲೆಯ ಮೇಲೆ ಹೋಯಿತು. ನನ್ನ ಕೂದಲು ಬಿಳಿಯಾಗಿ ಬಹಳ ವರ್ಷಗಳಾದವು. ಹಾಳೆಯನ್ನು ಸರೋಜಳಿಗೆ ತೋರಿಸಿದೆ. ಅವಳು ಅದನ್ನು ಮುಟ್ಟಲಿಲ್ಲ. ದೂರದಿಂದಲೇ ಓದಿ, "ನಿಮ್ಮನ್ನ ಯಾರೋ ಕರ್ಯಾಕತ್ಯಾರ" ಎಂದಳು. ನಾನು ನಗಬೇಕೆಂದು ಪ್ರಯತ್ನಪಟ್ಟೆ. ಮೂರನೆಯ ಹಾಳೆ ಆ ಪ್ರಯತ್ನಕ್ಕೂ ಜಾಗ ಇಡಲಿಲ್ಲ. "ಅವನು ಬಂದ. ನಿಂತ. ಬಗ್ಗಿದ. ಯಾರೂ ಇಲ್ಲ ಅಂದುಕೊಂಡ."

ಮೂರೂ ಹಾಳೆಗಳನ್ನು ಸರೋಜ ಚಿಮಟದಲ್ಲಿ ಹಿಡಿದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದಳು. ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ವೈಫೈ ಡಬ್ಬಿಯ ಎರಡು ಕೋಡುಗಳ ನಡುವೆ ತೂಗುಹಾಕಿದಳು. ನಾನು ಬೇಡ ಎನ್ನಲಿಲ್ಲ. ದೆವ್ವ ಇಲ್ಲ ಎನ್ನುವವನು ನಿಂಬೆಹಣ್ಣಿಗೆ ಹೆದರುವುದೇಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಾಲ್ಕನೆಯ ದಿನ ನೀರು ಹಾಕುವಾಗ ನಡುವೆಯೇ ಬಕೆಟ್ ಕೆಳಗಿಟ್ಟೆ. ಸುತ್ತಲೂ ನೋಡಿದೆ. ಮೂರು ಕಡೆ ಗೋಡೆ. ನಾಲ್ಕನೆಯ ಕಡೆ ಪಕ್ಕದ ಗುರುಲಿಂಗಪ್ಪ ಮಾಸ್ತರ ಮನೆಯ ಜಾಳಿಗೆಯ ಕಿಟಕಿ, ಯಾವಾಗಲೂ ಕತ್ತಲೆ. ಮಾಸ್ತರರಿಗೆ ಲಕ್ವಾ ಹೊಡೆದು ಮಾತು ಹೋಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಕರೆತಂದು ಎರಡು ತಿಂಗಳಾಗಿತ್ತು. ನಾನು ಒಮ್ಮೆ ಬಾಳೆಹಣ್ಣು ಹಿಡಿದುಕೊಂಡು ಹೋಗಿ, ಮಾತಾಡಲಾರದವರ ಮುಂದೆ ಏನು ಮಾತಾಡಬೇಕೆಂದು ತಿಳಿಯದೆ, ಹವೆಯ ವಿಷಯ ಹೇಳಿ ಎದ್ದು ಬಂದಿದ್ದೆ. ಆಮೇಲೆ ಆ ಕಡೆ ಹೋಗಿರಲಿಲ್ಲ. ಆ ಕಿಟಕಿಯನ್ನು ಒಂದು ಕ್ಷಣ ನೋಡಿ ಒಳಗೆ ಬಂದೆ. ಹಾಳೆ ಆಗಲೇ ಅರ್ಧ ಹೊರಗಿತ್ತು.

"ಅವನು ಇಂದು ಬನಿಯನ್ ತಿರುಗಿಸಿ ಹಾಕಿಕೊಂಡಿದ್ದಾನೆ. ನಾಲ್ಕು ಕಡೆ ನೋಡಿದ. ಈಗ ನನ್ನನ್ನೇ ನೋಡುತ್ತಿದ್ದಾನೆ. ನಾನು ಅವನಿಗೆ ಕಾಣುವುದಿಲ್ಲ."

ಬನಿಯನ್ ನೋಡಿಕೊಂಡೆ. ಹೊಲಿಗೆಯೆಲ್ಲ ಹೊರಗಿತ್ತು. ಹಾಳೆಯನ್ನು ಸರೋಜಳ ಮುಂದೆ ಹಿಡಿದೆ. ಅವಳು ಎರಡು ಸಲ ಓದಿದಳು. ಆಮೇಲೆ ಮೆತ್ತಗೆ ಹೇಳಿದಳು: "ಗಮನಿಸೀರೇನ್ರಿ? ಮದಲ ತೊದಲ್ತಿತ್ತು. ದಿನಾ ಒಂದೊಂದ್ ಮಾತು ಕಲ್ಯಾಕತ್ತೈತಿ. ಈಗ ಪೂರ್ತಿ ಮಾತು ಬಂದೈತಿ ಅದಕ್ಕ. ಇನ್ನ ಅದು ಒಳಗ ಬರೂದೊಂದ ಬಾಕಿ."

ನಾನು ಅಳಿಯನಿಗೆ ಫೋನು ಹಚ್ಚಿದೆ. ಪ್ರೇತದ ಮಾತು ಎತ್ತಲಿಲ್ಲ. ಪ್ರಿಂಟರು ತಾನಾಗಿಯೇ ಅಚ್ಚು ಹಾಕುತ್ತಿದೆ ಎಂದಷ್ಟೇ ಹೇಳಿದೆ. "ತಾನಾಗೇ ಹಾಕಂಗಿಲ್ರಿ ಮಾವಾರ. ಯಾರೋ ನಿಮ್ಮ ನೆಟ್‌ವರ್ಕಿನ್ಯಾಗ ಅದಾರ. ನಾ ಹೇಳ್ದಂಗ ಒತ್ರಿ" ಎಂದ. ಅವನು ಹೇಳಿದಂತೆ ಫೋನಿನಲ್ಲಿ ಯಾವುದೋ ಪುಟ ತೆರೆದೆ. ನಮ್ಮ ವೈಫೈ ಸೇರಿಕೊಂಡವರ ಪಟ್ಟಿ ಬಂತು. ನನ್ನ ಫೋನು, ಸರೋಜಳ ಫೋನು, ಟಿವಿ, ಪ್ರಿಂಟರು. ಅದರ ಕೆಳಗೆ ಐದನೆಯದೊಂದಿತ್ತು. ಅದಕ್ಕೆ ಹೆಸರಿರಲಿಲ್ಲ, ಬರೀ ಅಂಕಿ, ಅಕ್ಷರ. ಆ ಹೆಸರಿಲ್ಲದ್ದರ ಪಕ್ಕದಲ್ಲಿ ಒಂದು ಹಸಿರು ಚುಕ್ಕೆ, ಅಂದರೆ ಅದು ಈಗ ಇಲ್ಲೇ ಇದೆ ಎಂದು ಅರ್ಥವಂತೆ. ಇಲ್ಲೇ ಎಂದರೆ ಎಲ್ಲಿ ಎಂದು ಕೇಳಿದೆ. "ಮನಿ ಒಳಗ, ಇಲ್ಲಾ ಭಾಳಂದ್ರ ಗ್ವಾಡಿ ಆಚಿ" ಎಂದ ಅಳಿಯ. ನಾನು ಕುಳಿತ ಕುರ್ಚಿಯನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದುಕೊಂಡೆ.

ಅರ್ಧ ತಾಸು ಕೆಲಸ ನಡೆಯಿತು. ಡಬ್ಬಿಯ ಬುಡದ ಚೀಟಿಯಲ್ಲಿ ಕಂಪನಿಯವರೇ ಬರೆದಿದ್ದ ಒಳಗಿನ ಪಾಸ್‌ವರ್ಡನ್ನು ಮೊದಲು ಬದಲಾಯಿಸಿದೆವು. ಅದು ಊರಿಗೆಲ್ಲ ಗೊತ್ತಿರುವ ಕೀಲಿಯಂತೆ. ಆಮೇಲೆ ವೈಫೈಗೆ ಹನ್ನೆರಡು ಅಕ್ಷರದ ಬೀಗ: ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿ. ಡಬ್ಬಿ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ನಮ್ಮ ಫೋನು, ಟಿವಿ, ಪ್ರಿಂಟರುಗಳೆಲ್ಲ ಹೊಸ ಬೀಗದ ಕೈ ತೋರಿಸಿ ಮತ್ತೆ ಒಳಗೆ ಬಂದವು. ಪಟ್ಟಿಯಲ್ಲಿ ನಾಲ್ಕೇ ಹೆಸರು. ಐದನೆಯದು ಹೋಗಿತ್ತು. ಮರುದಿನ ಮೂರು ಗಂಟೆಗೆ ಪ್ರಿಂಟರಿನ ಮುಂದೆ ಗಂಡ ಹೆಂಡತಿ ಇಬ್ಬರೂ ಉಸಿರು ಹಿಡಿದು ಕುಳಿತೆವು. ಅದು ಮಿಸುಕಲಿಲ್ಲ. ಅದರ ಮರುದಿನವೂ ಇಲ್ಲ. ಹನ್ನೆರಡು ಅಕ್ಷರಗಳಿಂದ ಪ್ರೇತ ಓಡಿಸಿದ ಜಿಲ್ಲೆಯ ಮೊದಲ ಮನುಷ್ಯ ನಾನೇ ಇರಬೇಕೆಂದು ಎದೆ ಉಬ್ಬಿತು.

ಮೂರನೆಯ ಮಧ್ಯಾಹ್ನ ಹಿತ್ತಲಿನಲ್ಲಿ ಬಕೆಟ್ ಎತ್ತುತ್ತಿದ್ದಾಗ ಆ ಸದ್ದು ಕೇಳಿಸಿತು. ಮನುಷ್ಯರ ಸದ್ದೇ, ಆದರೆ ಮಾತಲ್ಲ. ಆಳದಿಂದ ಎದ್ದು, ಮೇಲೆ ಬರಲಾಗದೆ, ಅಲ್ಲೇ ಒಡೆದುಹೋಗುವ ಸದ್ದು. "ಬ… ಬ… ಬ…" ಆಮೇಲೆ ಏನೋ ನೆಲಕ್ಕೆ ಬಿದ್ದದ್ದು, ಆಮೇಲೆ ಅಳು. ಜಾಳಿಗೆಯ ಕಿಟಕಿಯ ಒಳಗಿನಿಂದಲೇ ಬರುತ್ತಿತ್ತು. ನಾನು ಬಕೆಟ್ ಬಿಟ್ಟು ಒಳಗೆ ಓಡಿಬಂದು ಅಗಳಿ ಹಾಕುವಷ್ಟರಲ್ಲಿ ಮುಂದಿನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಾಸ್ತರರ ಹೆಂಡತಿ ನೀಲಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಕೈಯಲ್ಲಿ ಗಾಜು ಸೀಳಿದ ಫೋನು.

"ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ವೈಫೈ ಬಂದ್ ಆಗೇತೇನ್ರಿ?" ಎಂದರು. "ನಮ್ಮ ಮಗಳು ಬಂದಾಗ ಹಚ್ಚಿಕೊಟ್ಟು ಹೋಗ್ಯಾಳ್ರಿ, ಕೀಲಿ ಇಲ್ಲ ಅಂತ. ನಿಮಗೊಂದ್ ಮಾತ ಹೇಳಬೇಕಿತ್ತು. ನೀವು ಈ ಕಡಿ ಬರಲೇ ಇಲ್ಲ, ನಾನೂ ಇವರನ್ನ ಬಿಟ್ಟು ಬರಲಿಲ್ಲ."

ಒಂದೊಂದಾಗಿ ಹೇಳಿದರು. ಹುಬ್ಬಳ್ಳಿಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಂದು ಅಭ್ಯಾಸ ಕೊಟ್ಟಿದ್ದರಂತೆ. ದಿನಾ ಒಂದು ಹೊತ್ತು ಕಿಟಕಿಯ ಬಳಿ ಕುಳಿತು, ಕಂಡದ್ದನ್ನೆಲ್ಲ ಫೋನಿಗೆ ಹೇಳಬೇಕು. ಫೋನು ಅದನ್ನು ಅಕ್ಷರ ಮಾಡಿ ತೋರಿಸುತ್ತದೆ. ಅಕ್ಷರ ಸರಿಯಾಗಿ ಮೂಡಿದರೆ ನಾಲಿಗೆ ಸರಿಯಾಗುತ್ತಿದೆ ಎಂದು ಲೆಕ್ಕ. ಮಾಸ್ತರರು ಯಾರ ಮುಂದೆಯೂ ತೊದಲಲು ಒಪ್ಪುತ್ತಿರಲಿಲ್ಲವಂತೆ. ಫೋನು ನಗುವುದಿಲ್ಲವೆಂದು ಅದರ ಮುಂದೆ ಮಾತ್ರ ಒಪ್ಪಿದ್ದರು. ಅಭ್ಯಾಸ ಮುಗಿದ ಮೇಲೆ ಫೋನಿನೊಳಗಿನ ಆ ಹಾಳೆಯನ್ನು ಶ್ರೀರಾಮನಗರದಲ್ಲಿರುವ ಮಗಳಿಗೆ ಕಳಿಸಿ, ಅಳಿಸಿ, ನಾಳೆಗೆ ಬರಿದು ಮಾಡಿಡುವುದು ನೀಲಮ್ಮನ ಕೆಲಸ. "ದಿನಾ ಒತ್ತತೀನ್ರಿ. ಆಕಿ ನೋಡಿದ್ರ, ಯವ್ವಾ ಒಂದ್ ಹಾಳಿನೂ ಬಂದಿಲ್ಲ ಅಂತಾಳ. ಈಗ ಮೂರು ದಿನದಿಂದ ಫೋನ್ ಅಕ್ಷರಾನ ಮೂಡಸವಲ್ದು. ಇವ್ರು ತಮ್ಮ ನಾಲಿಗೀನ ಮತ್ತ ಬಿದ್ದೈತಿ ಅಂತ ತಿಳಕೊಂಡಾರ. ಈಗ ಫೋನ್ ಒಗದ್ರು. ಉಣ್ಣಾಕೂ ಒಲ್ಲರು."

ಅವರು ಒತ್ತುತ್ತಿದ್ದ ಗುಂಡಿಯನ್ನು ತೋರಿಸಿದರು. ಅದು ಕಳಿಸುವ ಗುಂಡಿಯಲ್ಲ, ಅದರ ಪಕ್ಕದ ಅಚ್ಚು ಹಾಕುವ ಗುಂಡಿ. ಹಿಂದೆ ನಿಂತಿದ್ದ ಸರೋಜ ಸದ್ದಿಲ್ಲದೆ ಹೋಗಿ ನಿಂಬೆಹಣ್ಣಿನ ಸರ ಬಿಚ್ಚಿದಳು.

ಒಬ್ಬ ಮನುಷ್ಯ ಗೋಡೆಯ ಆಚೆ ದಿನಕ್ಕೊಂದು ಮಾತನ್ನು ಬಾವಿಯಿಂದ ಸೇದಿದಂತೆ ಸೇದಿ ಮೇಲೆ ತರುತ್ತಿದ್ದ. ನಾನು ಗೋಡೆಯ ಈಚೆ ಕುಳಿತು, ಮಾತು ಸ್ಪಷ್ಟವಾದಷ್ಟೂ ಹೆಚ್ಚು ಹೆದರಿ, ಕೊನೆಗೆ ಹಗ್ಗವನ್ನೇ ಕತ್ತರಿಸಿದ್ದೆ. ಚಪ್ಪಲಿ ಹಾಕಿಕೊಳ್ಳದೆ ನೀಲಮ್ಮನ ಹಿಂದೆ ನಡೆದೆ. ಮಾಸ್ತರರು ಕಿಟಕಿಗೆ ಬೆನ್ನು ಹಾಕಿ ಕುಳಿತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು. "ಮಾಸ್ತರ, ನಾಲಿಗಿ ನಿಮ್ಮದು ಬಿದ್ದಿಲ್ರಿ. ಕೀಲಿ ನಾ ಹಾಕೀನಿ" ಎಂದೆ. ಆ ಸೀಳಿದ ಗಾಜಿನ ಮೇಲೆ ಹನ್ನೆರಡು ಅಕ್ಷರ ಒತ್ತುವಷ್ಟರಲ್ಲಿ ಮೂರು ಸಲ ತಪ್ಪಿದೆ. ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದೆ. ಆಮೇಲೆ ಒಂದು ಪಕ್ಕಕ್ಕೆ ವಾಲಿದ ತುಟಿ ಅಲುಗಿತು. "ನೀ… ರು." ಬಿಳಿಯ ಹಾಳೆಯ ಮೇಲೆ ಆ ಎರಡು ಅಕ್ಷರ ಎದ್ದು ನಿಂತವು. ಮಾಸ್ತರರು ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಇನ್ನೊಂದು ಸಂಕಟ ಉಳಿದಿತ್ತು. ಮಾಸ್ತರರ ಮಗಳು ಫೋನಿನಲ್ಲಿ, ಮೊದಲ ದಿನಗಳ ಹಾಳೆಗಳಿದ್ದರೆ ಡಾಕ್ಟರಮ್ಮನಿಗೆ ಎಷ್ಟು ಸುಧಾರಿಸಿದೆ ಎಂದು ತಿಳಿಯುತ್ತಿತ್ತು, ಈಗ ಹೇಗೆ ಎಂದು ಬೇಸರಪಟ್ಟಳು. ಅವು ನಮ್ಮ ಬಚ್ಚಲಲ್ಲಿ ಬೂದಿಯಾಗಿದ್ದವು. ಆದರೆ ಹೆದರಿಕೆಯಿಂದ ಓದಿದ್ದನ್ನು ಮನುಷ್ಯ ಮರೆಯುವುದಿಲ್ಲ. ನನಗೆ ಮೂರೂ ಹಾಳೆ ಒಂದಕ್ಷರ ಬಿಡದೆ ಬಾಯಿಪಾಠವಾಗಿದ್ದವು. "ತಂಗಿ, ಬರಕೋ" ಎಂದು ಅವರ ಪಡಸಾಲೆಯ ನಡುವೆ ನಿಂತು ಜೋರಾಗಿ ಹೇಳಿದೆ. "ನೀ, ನೀ, ನೀರು. ಬಾ. ಬಾ, ಬಾ. ಬಂದ." ಆ ಕಡೆಯಿಂದ "ಇನ್ನೊಮ್ಮೆ ಹೇಳ್ರಿ ಕಾಕಾ, ಎಷ್ಟು ಬಾ?" ಎಂದಳು. ನಾನು ಬೆರಳೆಣಿಸಿ ಮತ್ತೆ ತೊದಲಿದೆ. ಆಗ ಹಿಂದಿನಿಂದ ಗೊರಗೊರ ಸದ್ದಾಯಿತು. ತಿರುಗಿ ನೋಡಿದರೆ ಮಾಸ್ತರರು ನಗುತ್ತಿದ್ದರು. ಎರಡು ತಿಂಗಳಲ್ಲಿ ಇದೇ ಮೊದಲ ನಗು ಎಂದು ನೀಲಮ್ಮ ಆಮೇಲೆ ಹೇಳಿದರು.

ಇದಾಗಿ ನಾಲ್ಕು ತಿಂಗಳು. ಮಾಸ್ತರರಿಗೆ ಈಗ ಸಾಕಷ್ಟು ಮಾತು ಬರುತ್ತದೆ. ಹೋದ ವಾರ ನೀಲಮ್ಮ ಮತ್ತೆ ಬಂದರು. "ಅಣ್ಣಾರ, ಡಾಕ್ಟರಮ್ಮ ಇನ್ನ ಅರ್ಧ ತಾಸು ಮಾತಾಡಸ್ರಿ ಅಂದಾಳ. ಆದ್ರ ನೀವು ದಿನಾ ಅದ ಬಕೆಟ್ಟು, ಅದ ಗಿಡ. ಇವರಿಗೆ ಹೊಸ ಮಾತ ಸಿಗವಲ್ದು. ಏನಾರ ಬ್ಯಾರೆ ಮಾಡ್ರಲಾ" ಎಂದರು. ಹೀಗಾಗಿ ಈಗ ಮೂರು ಗಂಟೆಯಾದರೆ ಸಾಕು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಿತ್ತಲಿಗೆ ಇಳಿಯುತ್ತೇನೆ. ಸೋಮವಾರ ಸೈಕಲ್ಲಿನ ಚೈನು ಬಿಚ್ಚಿದೆ, ಮಂಗಳವಾರ ಅದನ್ನು ಹಾಕಲು ಬಾರದೆ ಒದ್ದಾಡಿದೆ, ನಿನ್ನೆ ಏಣಿ ಹತ್ತಿ ಇಳಿದೆ, ಸುಮ್ಮನೆ. ಇಡೀ ಸರ್ಕಾರಿ ನೌಕರಿಯಲ್ಲಿ ನಾನು ಏನು ಮಾಡುತ್ತಿದ್ದೇನೆಂದು ಒಬ್ಬ ಮೇಲಧಿಕಾರಿಯೂ ಬಗ್ಗಿ ನೋಡಿರಲಿಲ್ಲ. ನಿವೃತ್ತನಾದ ಮೇಲೆ ದಿನಾ ಅರ್ಧ ತಾಸು, ವರದಿ ಸಮೇತ, ನಿಜವಾಗಿ ಕೆಲಸ ಮಾಡುತ್ತಿದ್ದೇನೆ.