ಪಿ.ಟಿ. ಮೇಡಂ ಶೂ ಪರೀಕ್ಷೆ ಮಾಡಿದ್ದು

ರಸ್ತೆಯಲ್ಲಿ ಹೆಂಗಸು ಓಡುತ್ತಿದ್ದರೆ ಏನೋ ಆಗಿರಲೇಬೇಕು ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಏನೂ ಆಗಿರದಿದ್ದರೆ ಅವರೇ ಏನಾದರೂ ಆಗುವಂತೆ ಮಾಡುತ್ತಾರೆ. ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿರುವ ನನಗೆ ಇದು ಹೊಸದಲ್ಲ. ಆದರೂ ಆ ಒಂದು ತಿಂಗಳಲ್ಲಿ ಆದಷ್ಟು ಪಜೀತಿ ಹಿಂದೆಂದೂ ಆಗಿರಲಿಲ್ಲ.

ಕಾರಣ ಒಂದು ಜೊತೆ ಶೂ. ನೌಕರರ ಕ್ರೀಡಾಕೂಟದ ಐದು ಕಿಲೋಮೀಟರ್ ಓಟದಲ್ಲಿ ಪ್ರತಿವರ್ಷ ನಾನು ಎರಡನೆಯವಳು. ಮೊದಲನೆಯವರು ಜಗಳೂರಿನ ಒಬ್ಬ ನರ್ಸಮ್ಮ. ನಾಲ್ಕು ವರ್ಷ ಅವರ ಬೆನ್ನು ನೋಡಿ ನೋಡಿ, ಅವರ ತುರುಬಿನಲ್ಲಿ ಎಷ್ಟು ಪಿನ್ನಿರುತ್ತವೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಹೆಂಗಸರ ಸೈಜು ಎಲ್ಲೂ ಸಿಗದೆ ನಾನು ಓಡುತ್ತಿದ್ದುದು ಗಂಡಸರ ಶೂನಲ್ಲಿ, ಮುಂದಕ್ಕೆ ಹತ್ತಿ ತುರುಕಿಕೊಂಡು. ಸೋತದ್ದಕ್ಕೆಲ್ಲ ಆ ಹತ್ತಿಯೇ ಕಾರಣ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಚನ್ನಗಿರಿಯ ಶೂ ಅಂಗಡಿ ಭಾಯಿ ನನ್ನ ಕಾಟ ತಾಳಲಾರದೆ ಕೊನೆಗೆ ಒಂದು ಜೊತೆ ತರಿಸಿದರು. ಹೆಂಗಸರಿಗೆಂದೇ ಮಾಡಿದ್ದು, ಜೋರಾಗಿ ಓಡುವವರಿಗೆಂದು ಹಗುರ ಮಾಡಿದ್ದು, ಕಾಲುಚೀಲದ ಹಾಗೆ ಎಳೆದು ಹಾಕಿಕೊಳ್ಳುವಂಥದ್ದು.

"ಮೇಡಂ, ಒಂದು ತಿಂಗಳು ಓಡಿ ನೋಡ್ರಿ. ಇದ್ದಿದ್ದು ಇದ್ದಂಗೆ ಬರೀರಿ. ಚೆನ್ನಾಗೈತೆ ಅಂದ್ರೆ ಹೆಂಗಸರ ಸೈಜು ಪೂರಾ ತರಿಸ್ತೀನಿ. ಇಲ್ಲಾಂದ್ರೆ ನಿಮ್ಗೆ ಮತ್ತೆ ಹತ್ತಿನೇ ಗತಿ" ಎಂದು ಒಂದು ನೋಟ್‌ಬುಕ್ ಕೊಟ್ಟರು. ತೂಕ, ವೇಗ, ಆರಾಮ ಎಂದು ಅವರೇ ಅದರಲ್ಲಿ ಬರೆದು ಜಾಗ ಬಿಟ್ಟಿದ್ದರು.

ನನ್ನ ಗಂಡ ಮಾತ್ರ ಒಂದೇ ಮಾತು ಕೇಳಿದರು. "ಈ ಸಲ ಹತ್ತಿ ಇಲ್ಲ. ಸೋತ್ರೆ ಏನು ಹೇಳ್ತೀಯ?"

ಅವತ್ತಿನಿಂದ ನನ್ನ ನಿದ್ದೆ ಹೋಯಿತು.

ತೂಕ

ಅತ್ತೆ ಶೂ ಎತ್ತಿ ನೋಡಿದರು. ಇನ್ನೊಮ್ಮೆ ಎತ್ತಿದರು. ಒಳಗೆ ಕೈ ಹಾಕಿ ತಡಕಿದರು.

"ಏನೂ ಇಲ್ವಲ್ಲೇ ಇದ್ರಾಗೆ! ಯಾರೋ ನಿಂಗೆ ಟೋಪಿ ಹಾಕ್ಯಾರೆ. ವಾಪಸ್ ಕೊಟ್ಟು, ಏನೇನು ಹಾಕ್ಬೇಕೋ ಹಾಕಿಸ್ಕೊಂಡು ಬಾ."

"ಅತ್ತೆ, ಹಗುರ ಇರೋದೇ ಇದರ ಹೆಚ್ಚುಗಾರಿಕೆ."

"ಹಂಗಂತ ಅಂಗಡಿಯವರು ಹೇಳಿದ್ರಾ?"

ಅಷ್ಟರಲ್ಲಿ ಮನೆ ಮುಂದೆ ತರಕಾರಿ ಗಾಡಿ ಬಂತು. ಅತ್ತೆ ಒಂದು ಶೂ ಹಿಡಿದು ಹೊರಟೇಬಿಟ್ಟರು. ತರಕಾರಿಯಾಕೆ "ಹೊಸವು ತಾನೆ?" ಎಂದು ಖಾತ್ರಿ ಮಾಡಿಕೊಂಡು, ಪೇಪರ್ ಹಾಸಿ ಶೂವನ್ನು ತಕ್ಕಡಿಗೆ ಇಟ್ಟಳು. ಆ ಕಡೆಗೆ ಕಾಲು ಕೆಜಿ ಕಲ್ಲು ಇಟ್ಟರೆ ಶೂ ಮೇಲೇ ನಿಂತಿತು. ವರ್ಷಗಟ್ಟಲೆ ತೂಗಿದ ಕೈ ಸುಮ್ಮನಿರುತ್ತದೆಯೇ? ಆಕೆ ತನಗೇ ಗೊತ್ತಿಲ್ಲದೆ ಒಂದು ಹಿಡಿ ಹಸಿಮೆಣಸಿನಕಾಯಿ ತೆಗೆದು ಶೂನೊಳಗೆ ಹಾಕಿದಳು. ತಕ್ಕಡಿ ಸಮವಾಯಿತು.

"ತಗಳ್ರಿ ಅವ್ವಾರೆ, ಕರೆಕ್ಟ್ ಕಾಲು ಕೆಜಿ" ಎಂದು ಮೇಲೆ ಎರಡು ಕಡ್ಡಿ ಕೊತ್ತಂಬರಿಯನ್ನೂ ಕೊಸರು ಹಾಕಿದಳು. ಅತ್ತೆಗೆ ಸಮಾಧಾನವಾಯಿತು. ನಾನು ಇದ್ದದ್ದು ಇದ್ದ ಹಾಗೆ ಬರೆದೆ: "ತೂಕ: ಮೆಣಸಿನಕಾಯಿ ಸೇರಿ ಕಾಲು ಕೆಜಿ."

ವೇಗ

ಖೋ-ಖೋ ಶಿಬಿರಕ್ಕೆಂದು ಒಂದು ವಾರ ಹೊನ್ನಾಳಿಯಲ್ಲಿದ್ದೆ. ಬೆಳಿಗ್ಗೆ ಊರ ಹೊರಗಿನ ರಸ್ತೆಯಲ್ಲಿ ಅಭ್ಯಾಸ. ಮೂರು ನಿಮಿಷ ಜೀವ ಬಿಟ್ಟು ಓಡುವುದು, ಎರಡು ನಿಮಿಷ ನಡೆಯುವುದು, ಮತ್ತೆ ಓಡುವುದು.

ಮೊದಲ ದಿನವೇ ಒಂದು ಬಸ್ಸು ಪಕ್ಕದಲ್ಲಿ ಕಿರ್ರೆಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ನಿಂತು, "ಹತ್ರೀ ಅಕ್ಕಾರೆ, ಯಾಕಂಗೆ ಓಡ್ತೀರಿ? ನಿಲ್ಸೀವಲ್ಲ!" ಎಂದರು.

"ನಾನು ಬಸ್ಸಿಗೆ ಓಡ್ತಿಲ್ಲ ರೀ."

"ಮತ್ತೆ ಯಾತಕ್ಕೆ?"

"ಸುಮ್ಮನೆ."

"ಸುಮ್ಮನೆ ಓಡ್ತಾರಂತೆ!" ಎಂದು ಅವರು ಒಳಗಿದ್ದವರಿಗೆ ವರದಿ ಒಪ್ಪಿಸಿದರು. ಕಿಟಕಿಗಳಲ್ಲೆಲ್ಲ ತಲೆಗಳು ಮೂಡಿದವು. ಮುಂದಿನ ಸ್ಟಾಪಿನಲ್ಲಿ ಬಸ್ಸು ಜನ ಹತ್ತಿಸುವಷ್ಟರಲ್ಲಿ ನಾನು ಅದನ್ನು ದಾಟಿದೆ. "ಈಗಾದ್ರೂ ಹತ್ರಿ!" ಎಂದು ಮತ್ತೆ ಕೂಗು. ಮರುದಿನವೂ ಇದೇ ಕಥೆ.

ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. ಕೊರಳಲ್ಲಿದ್ದ ಸೀಟಿ ಊದಿ, ಬಸ್ಸು ನಿಲ್ಲಿಸಿ, ಒಂಬತ್ತನೇ ತರಗತಿಗೆ ಹೇಳುವ ದನಿಯಲ್ಲಿ ಹೇಳಿದೆ. "ನಾನು ಓಡೋದು ನನ್ನ ಅಭ್ಯಾಸಕ್ಕೆ. ಇನ್ಮೇಲೆ ನಾನು ಎಷ್ಟೇ ಓಡಲಿ, ಏನೇ ಮಾಡಲಿ, ಬಸ್ ನಿಲ್ಲಿಸಕೂಡದು. ತಿಳೀತಾ?" ಕಂಡಕ್ಟರು ಪಾಪ, ತಲೆಯಾಡಿಸಿದರು.

ಶನಿವಾರ ಶಿಬಿರ ಮುಗಿದು ಊರಿಗೆ ಹೊರಟೆ. ಸ್ಟಾಪಿಗೆ ಬರುವಷ್ಟರಲ್ಲಿ ಅದೇ ಬಸ್ಸು ಹೊರಟಿತ್ತು. ಹೆಗಲಿಗೆ ಬ್ಯಾಗು, ಕಾಲಲ್ಲಿ ಹೊಸ ಶೂ, ಕೈ ಬೀಸುತ್ತ ಹಿಂದೆ ಓಡಿದೆ. ಕಂಡಕ್ಟರು ಬಾಗಿಲಿಂದ ಬಗ್ಗಿ ಹೆಬ್ಬೆರಳು ಎತ್ತಿ ತೋರಿಸಿದರು.

"ಸೂಪರ್ ಮೇಡಂ! ಇವತ್ತು ಬ್ಯಾಗ್ ಹಾಕ್ಕಂಡು ಪ್ರಾಕ್ಟೀಸಾ?"

ಇಡೀ ಬಸ್ಸು ಚಪ್ಪಾಳೆ ತಟ್ಟುತ್ತ ಹೋಯಿತು. ನೋಟ್‌ಬುಕ್ಕಿನಲ್ಲಿ ಬರೆದೆ: "ವೇಗ: ಸಾಲದು."

ಆರಾಮ

ನ್ಯಾಮತಿ ತಾಲ್ಲೂಕಿನ ಗೋವಿನಕೋವಿ ಕಡೆ ನನ್ನ ನಾದಿನಿಯ ಮನೆ. ಎರಡು ದಿನ ಇರಲು ಹೋಗಿದ್ದೆ. ಬೆಳಿಗ್ಗೆ ಬೇಗ ಎದ್ದು ಶೂ ಹಾಕಿ ಬಾಗಿಲು ತೆಗೆದು ಓಡಿದೆ. ಒಂದು ಕಿಲೋಮೀಟರ್ ಆಗುವುದರೊಳಗೆ ಹಿಂದಿನಿಂದ ಬೈಕು ಬಂತು. ಮೇಲೆ ಪಕ್ಕದ ಮನೆಯ ಯಜಮಾನರು, ಮುಖದ ತುಂಬ ಕನಿಕರ.

"ತಂಗೀ, ಸಿಟ್ಟು ಬಿಡವ್ವ. ಮನೆ ಅಂದ್ಮೇಲೆ ಒಂದು ಮಾತು ಬರ್ತೈತೆ, ಹೋಗ್ತೈತೆ. ಹಿಂಗೆ ಓಡಿ ಹೋದ್ರೆ ಹೆಂಗೆ?"

ವಾಪಸ್ ಬಂದು ನೋಡಿದರೆ ಕಟ್ಟೆ ಮೇಲೆ ನಾಲ್ಕು ಜನ ಹಿರಿಯರು ಕೂತಿದ್ದಾರೆ, ನಡುವೆ ನನ್ನ ನಾದಿನಿ ಅಪರಾಧಿಯ ಹಾಗೆ ನಿಂತಿದ್ದಾಳೆ. "ಅತ್ತಿಗೆಗೆ ಏನಂದೆ ಹೇಳು" ಎಂದು ಒಬ್ಬರು ಗದರುತ್ತಿದ್ದರು. ಅವಳ ಕಣ್ಣಲ್ಲಿ ನೀರು. ನಗಬೇಕೋ ಅಳಬೇಕೋ ತಿಳಿಯದೆ ಎಲ್ಲರಿಗೂ ಶೂ ತೋರಿಸಿ ವಿವರಿಸಿದೆ. ಯಾರೂ ಪೂರ್ತಿ ನಂಬಲಿಲ್ಲ.

ಮರುದಿನ ನಾನು ಹೊರಟಾಗ ನಾದಿನಿ ಬೀದಿಯ ಕೊನೆವರೆಗೂ ಬಂದು, ಊರಿಗೆಲ್ಲ ಕೇಳುವಂತೆ ಕೂಗಿದಳು. "ಅತ್ತಿಗೇ, ಹುಷಾರಾಗಿ ಓಡಿ ಬಾ! ನಿಂಗಿಷ್ಟ ಅಂತ ಪಡ್ಡು ಮಾಡಾಕೆ ಇಟ್ಟೀನಿ!" ಮಾನ ಉಳಿಸುವುದಕ್ಕೆಂದು ಕಟ್ಟೆ ಮೇಲೆ, ಎಲ್ಲರೆದುರು ಕೂರಿಸಿ ಹದಿನಾರು ಪಡ್ಡು ತಿನ್ನಿಸಿದಳು. ನೋಟ್‌ಬುಕ್ಕಿನಲ್ಲಿ ಬರೆದೆ: "ಆರಾಮ: ಶೂ ಹದ, ಪ್ಯಾಂಟು ಬಿಗಿ."

ಓಟ

ಕ್ರೀಡಾಕೂಟ ಆ ವರ್ಷ ಜಗಳೂರಿನಲ್ಲಿತ್ತು. ನರ್ಸಮ್ಮ ತಮ್ಮೂರಿನ ರಸ್ತೆಯಲ್ಲಿ ತಮ್ಮ ಪಾಡಿಗೆ ಮುಂದೆ ಓಡುತ್ತಿದ್ದರು. ನಾನು ಹಿಂದೆ, ಪಿನ್ನು ಎಣಿಸುತ್ತ. ನಾಲ್ಕೂವರೆ ಕಿಲೋಮೀಟರ್ ಆದರೂ ಅವೇ ಐದು ಪಿನ್ನು. ಈ ಸಲ ಹತ್ತಿಯೂ ಇಲ್ಲ, ಗಂಡನಿಗೆ ಏನು ಹೇಳಲಿ?

ಆಗ ತಿರುವಿನಾಚೆ ರಸ್ತೆ ತುಂಬ ಮೆಕ್ಕೆಜೋಳ! ಹಿಂದಿನ ಸಂಜೆ ಸಂಘಟಕರು ನೋಡಿದಾಗ ರಸ್ತೆ ಖಾಲಿಯಿತ್ತಂತೆ. ಬಿಸಿಲೂ ಖಾಲಿ ಡಾಂಬರೂ ಒಟ್ಟಿಗೆ ಕಂಡರೆ ಆ ಕಡೆ ಯಾರು ತಾನೆ ಕಾಳು ಒಣಹಾಕದೆ ಬಿಡುತ್ತಾರೆ? ಈ ಅಂಚಿನಿಂದ ಆ ಅಂಚಿಗೆ ಕಾಳು ಹರವಿತ್ತು. ಎರಡೂ ಬದಿ ಜಾಲಿಮುಳ್ಳು. ನಡುವೆ ಕೋಲು ಹಿಡಿದ ಒಬ್ಬ ಅಜ್ಜಿ.

"ಮೆಟ್ಟು ಹಾಕ್ಕೊಂಡು ಕಾಳು ತುಳಿತೀರೇನ್ರೇ?"

"ಅಜ್ಜಿ, ಈಗ ತಾನೇ ಲಾರಿ ಹೋತಲ್ಲ!" ಎಂದರು ನರ್ಸಮ್ಮ, ಏದುಸಿರಿನಲ್ಲಿ.

"ಲಾರಿ ಮೆಟ್ಟು ಹಾಕ್ಕೊಂಡಿತ್ತಾ?"

ಅಜ್ಜಿ ಬಿಟ್ಟಿದ್ದರೂ ನಾವು ಮೆಟ್ಟು ಹಾಕಿಕೊಂಡು ತುಳಿಯುತ್ತಿರಲಿಲ್ಲ, ಇಬ್ಬರೂ ರೈತರ ಮನೆ ಹೆಣ್ಣುಮಕ್ಕಳೇ. ನರ್ಸಮ್ಮ ಕೂತು ಲೇಸಿಗೆ ಕೈ ಹಾಕಿದರು. ಶಿಸ್ತಿನ ಮನುಷ್ಯೆ, ಎರಡೆರಡು ಗಂಟು ಹಾಕಿದ್ದರು. ನಾನು ನಿಂತಲ್ಲೇ ಹಿಮ್ಮಡಿ ಹಿಡಿದು ಎಳೆದೆ. ಒಂದು ಬಂತು, ಇನ್ನೊಂದು ಬಂತು. ಗಂಟಿನ ಜೊತೆ ಗುದ್ದಾಡುತ್ತಿದ್ದ ಅವರನ್ನು ಕಂಡು ಅಯ್ಯೋ ಅನ್ನಿಸಿತು. ನಿಲ್ಲಬೇಕು ಎಂದು ಮಾತ್ರ ಅನ್ನಿಸಲಿಲ್ಲ. ಎರಡು ಕೈಯಲ್ಲಿ ಎರಡು ಶೂ ಹಿಡಿದು, ಬರಿಗಾಲಲ್ಲಿ ಕಾಳು ದಾಟಿ, ಹಾಗೇ ಹೋಗಿ ರಿಬ್ಬನ್ನಿಗೆ ಎದೆ ಕೊಟ್ಟೆ. ನಾಲ್ಕು ವರ್ಷದ ಸಂಕಟ ಇಳಿದು, ಅಲ್ಲೇ ಕೂತು ಅತ್ತುಬಿಟ್ಟೆ.

ಮುಂದಿನ ಭಾನುವಾರ ಭಾಯಿ ನನ್ನ ನೋಟ್‌ಬುಕ್ ಎರಡು ಸಲ ಓದಿ ತಲೆ ಕೆರೆದುಕೊಂಡರು. "ಮೇಡಂ, ಇದ್ರಾಗೆ ನಂಗೊಂದೂ ತಿಳೀಲಿಲ್ಲ. ಹಾಕ್ಕಂಡು ಗೆದ್ರೋ ಇಲ್ವೋ?"

"ಬಿಚ್ಚಿ ಗೆದ್ದೆ ಭಾಯಿ."

ಅವರು ಹೆಂಗಸರ ಸೈಜಿನ ಆಸೆಯನ್ನು ಕೈಬಿಡುವುದರಲ್ಲಿದ್ದರು. ಅಷ್ಟರಲ್ಲಿ ಜಗಳೂರಿನಿಂದ ಬಸ್ಸು ಹತ್ತಿ, ವಿಚಾರಿಸಿಕೊಂಡು ನರ್ಸಮ್ಮನೇ ಅಂಗಡಿಗೆ ಬಂದರು. ನನ್ನನ್ನು ನೋಡಿ ನಕ್ಕರು, ಅದೇ ಶೂ ಕೇಳಿದರು. ಇನ್ನೊಂದು ಜೊತೆ ಇರಲಿಲ್ಲ, ಹಾಕಿ ನೋಡಲೆಂದು ನನ್ನದನ್ನೇ ಕೊಟ್ಟೆ. ಹಾಕಿಕೊಂಡರು. ಓಡಿ ನೋಡಲಿಲ್ಲ, ನಡೆದೂ ನೋಡಲಿಲ್ಲ. ಕೈಗಡಿಯಾರ ನೋಡಿಕೊಂಡು ಗಬಕ್ಕನೆ ಬಿಚ್ಚಿದರು. ಮತ್ತೆ ಹಾಕಿದರು, ಮತ್ತೆ ಬಿಚ್ಚಿದರು.

"ಮೂರು ಸೆಕೆಂಡು!" ಎಂದರು. "ಭಾಯಿ, ನನ್ನ ಸೈಜು ತರಿಸ್ರಿ. ನಮ್ಮ ಆಸ್ಪತ್ರೆಯೋರು ಇನ್ನೂ ಆರು ಜನ ಅದಾರೆ."

ಹೆಂಗಸರ ಸೈಜು ಈಗ ಅಂಗಡಿ ತುಂಬ ಇದೆ. ನಾನು ಈಗಲೂ ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ಓಡುತ್ತೇನೆ. ಆದರೆ ಅದಕ್ಕೂ ಮೊದಲು, ಗಂಡನ ಕೈಗೆ ಗಡಿಯಾರ ಕೊಟ್ಟು, ಬಾಗಿಲಲ್ಲಿ ನಿಂತು ಇಪ್ಪತ್ತು ಸಲ ಶೂ ಬಿಚ್ಚುತ್ತೇನೆ.