ಬೇಲಿಯಾಚೆಯ ‘ನೇ’

ದೆಸ್ಪಿನಾ ಬೇಲಿಯಾಚೆಯಿಂದ ‘ನೇ’ ಎಂದು, ತಲೆಯನ್ನು ಅಡ್ಡಡ್ಡ ಆಡಿಸಿ, ಒಳಗೆ ಹೋದಳು. ಈಚೆ ಸ್ತಾಮೆನ್ ಮೇಷ್ಟ್ರು ಕೀಲಿ ಮುಗಿದ ಗಡಿಯಾರದಂತೆ ನಿಂತುಬಿಟ್ಟರು.

ಮೇಷ್ಟ್ರು ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ವಿಧುರರು. ದೆಸ್ಪಿನಾ ಗಡಿಯಾಚೆಯ ಗ್ರೀಕಳು. ಬಲ್ಗೇರಿಯಾದ ಈ ಊರಿಗೆ ಸೊಸೆಯಾಗಿ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಬೇಸಿಗೆಯೆಲ್ಲ ಕನ್ನಡಿಯ ಮುಂದೆ ತಾಲೀಮು ಮಾಡಿ, ಆ ಬೆಳಿಗ್ಗೆ ಮೇಷ್ಟ್ರು ಮನಸ್ಸಿನಲ್ಲಿದ್ದುದನ್ನು ತಮ್ಮ ರೀತಿಯಲ್ಲಿ ಅವಳಿಗೆ ಹೇಳಿಯೇಬಿಟ್ಟಿದ್ದರು. ಸಿಕ್ಕ ಉತ್ತರ ಇದು.

ಬಲ್ಗೇರಿಯನ್ನಿನಲ್ಲಿ ‘ನೇ’ ಎಂದರೆ ಇಲ್ಲ, ಗ್ರೀಕಿನಲ್ಲಿ ಹೌದು. ತಲೆ ಅಡ್ಡ ಆಡಿಸಿದರೆ ಬಲ್ಗೇರಿಯನ್ನರಿಗೆ ಹೌದು, ಗ್ರೀಕರಿಗೆ ಇಲ್ಲ. ಹಾಗಾದರೆ ಅವಳ ನಾಲಿಗೆ ಯಾವ ದೇಶದ್ದು, ಕತ್ತು ಯಾವ ದೇಶದ್ದು?

ಬಾಗಿಲು ತಟ್ಟಿ ಅವಳನ್ನೇ ಕೇಳಬಹುದಿತ್ತು. ಅದರ ಬದಲು ಬೇಕರಿಯ ಜಾಪ್ರಿಯಾನನ ಬಳಿ ಹೋದರು. ಅವನು ಹಿಂದೆ ಯುರೋಪೆಲ್ಲ ಲಾರಿ ಓಡಿಸಿದವನು.

“‘ನೇ’ನಾ? ಸರ್ಬಿಯಾದಲ್ಲಿ ಇಲ್ಲ ಅಂತ. ಗ್ರೀಸಲ್ಲಿ ಹೂಂ ಅಂತ. ಪೋರ್ಚುಗಲ್ಲಲ್ಲಿ ‘ಅಲ್ವಾ?’ ಅಂತ. ಅದಿರ್ಲಿ, ಯಾರಂದಿದ್ದು ಮೇಷ್ಟ್ರೇ?”

“ಯಾರೂ ಇಲ್ಲ. ಸುಮ್ನೆ ಜ್ಞಾನಕ್ಕೆ.”

“ಜ್ಞಾನಕ್ಕೆ ಯಾರಿಗಾದ್ರೂ ಕಿವಿ ಹಂಗೆ ಕೆಂಪಗಾಗುತ್ತಾ?” ಹಿಂದಿನಿಂದ ಎದುರುಮನೆಯ ಯೋರ್ದಾನಾಳ ದನಿ. “ದೆಸ್ಪಿನಾನ ಕೇಳ್ಬಿಟ್ಯಾ ಸ್ತಾಮೆನ್? ಬೆಳಿಗ್ಗೆ ಬೇಲಿ ಹತ್ರ ಕೋಳಿ ಕಳ್ಳನ ಥರ ನಿಂತಿದ್ಯಲ್ಲ!”

ಬಿಸಿ ಬಾಣಲೆಗೆ ಬಿದ್ದ ಬೆಣ್ಣೆಯಂತೆ ಸುದ್ದಿ ಬೀದಿಯೆಲ್ಲ ಹರಡಿತು.

“ಬಾಯಿ ನಮ್ದು, ಕತ್ತು ಗ್ರೀಕಿಂದು,” ಎಂದ ಜಾಪ್ರಿಯಾನ್. “ಬೇಡ ಅಂದಿದಾಳೆ. ಒಂದು ಕೇಕ್ ತಿನ್ನಿ ಮೇಷ್ಟ್ರೇ, ಸಮಾಧಾನ ಆಗುತ್ತೆ.”

“ನಿನ್ ತಲೆ!” ಎಂದಳು ಯೋರ್ದಾನಾ. “ಬಾಯಿ ಗ್ರೀಕಿಂದು, ಕತ್ತು ನಮ್ದು. ನಾನು ಉಪ್ಪು ಬೇಕಾ ಅಂದ್ರೂ ಹಂಗೇ ಆಡಿಸ್ತಾಳೆ, ಆಮೇಲೆ ಡಬ್ಬಿನೇ ತಗೊಂಡ್ಹೋಗ್ತಾಳೆ!”

“ದಯವಿಟ್ಟು ಮೆಲ್ಲಗೆ ಮಾತಾಡಿ,” ಎಂದು ಬೇಡಿಕೊಂಡರು ಮೇಷ್ಟ್ರು. ದನಿಗಳು ಇನ್ನಷ್ಟು ಏರಿದವು.

ಸಂಜೆಯ ಹೊತ್ತಿಗೆ ಯೋರ್ದಾನಾಳ ಪಕ್ಷ ಗೆದ್ದಿತು. ಹೆಣ್ಣು ಕೇಳಲು ಒಬ್ಬನೇ ಹೋಗುವುದು ಯಾವ ಸೀಮೆಯ ಮರ್ಯಾದೆ ಎಂದು ಮೇಷ್ಟ್ರನ್ನು ಬೈದು, ಅವಳು ಪದ್ಧತಿಯಂತೆ ಮರದ ಬುದ್ದಲಿಯಲ್ಲಿ ವೈನ್ ತುಂಬಿ, ಅದರ ಕೊರಳಿಗೆ ಕೆಂಪು ನೂಲು ಸುತ್ತಿ ಹಸಿರು ಚಿಗುರು ಸಿಕ್ಕಿಸಿದಳು. ಬೀದಿಗೆ ಬೀದಿಯೇ ಹೊರಟಿತು. ನಡುವೆ ಮೇಷ್ಟ್ರು, ಪೊಲೀಸರು ಹಿಡಿದು ತಂದವರ ಹಾಗೆ.

ದೆಸ್ಪಿನಾ ಬಾಗಿಲು ತೆರೆದು ಕಣ್ಣರಳಿಸಿದಳು.

“ಬೆಳಿಗ್ಗೆ ಇವನಿಗೆ ‘ನೇ’ ಅಂದ್ಯಲ್ಲಮ್ಮ,” ಯೋರ್ದಾನಾ ನೇರವಾಗಿ ಕೇಳಿದಳು, “ಹೌದು ಅಂತ್ಲಾ, ಇಲ್ಲ ಅಂತ್ಲಾ?”

“ಹೌದು ಅಂತಾನೇ.”

ಬೀದಿ ಹೋ ಎಂದಿತು. ಜಾಪ್ರಿಯಾನ್ ಸೋತ ಸಿಟ್ಟು ಮರೆತು ಮೇಷ್ಟ್ರ ಬೆನ್ನಿಗೆ ಗುದ್ದಿದ. ಮೇಷ್ಟ್ರು ಆ ದಿನ ಮೊದಲ ಬಾರಿಗೆ ತಲೆಯೆತ್ತಿದರು.

“ಒಳ್ಳೆ ಮಾತು ತಾನೆ ಅವರು ಹೇಳಿದ್ದು?” ಎಂದಳು ದೆಸ್ಪಿನಾ.

“ಹೆಂಗೆ ಹೇಳಿದ್ರು? ನಾವೂ ಕೇಳ್ಬೇಕು!” ಎಂದಿತು ಗುಂಪು.

“ಪಕ್ಕಪಕ್ಕದ ಎರಡು ಮನೇಲಿ ಒಬ್ಬೊಬ್ಬರಿಗೋಸ್ಕರ ಒಂದೊಂದು ಒಲೆ ಉರಿಸಿದ್ರೆ ಅಷ್ಟು ಶಾಖ ದಂಡ ಅಲ್ವಾ, ಅಂತ.”

ಎಲ್ಲರೂ ಕಾದರು.

“ಆಮೇಲೆ?” ಎಂದಳು ಯೋರ್ದಾನಾ.

“ಅಷ್ಟೇ. ಯೋಚಿಸಿದ್ರೆ ನಿಜ ಅನ್ನಿಸ್ತು. ಗ್ರೀಸಲ್ಲಿರೋ ತಂಗಿಗೆ ಫೋನ್ ಮಾಡ್ದೆ, ಚಳಿಗಾಲಕ್ಕೆ ನಿನ್ನ ಮನೇಗೇ ಬರ್ತೀನಿ ಅಂತ. ನಾಳೆ ಬೆಳಿಗ್ಗೆ ಬಸ್ಸು. ನನ್ನ ಸೌದೆಯೆಲ್ಲ ಮೇಷ್ಟ್ರಿಗೇ ಇರ್ಲಿ.” ಅವಳ ದೃಷ್ಟಿ ಬುದ್ದಲಿಯ ಮೇಲೆ ಬಿತ್ತು, ಕಣ್ಣು ಒದ್ದೆಯಾಯಿತು. “ನನ್ನ ಕಳಿಸಿಕೊಡೋಕೆ ಇಷ್ಟು ಜನ ಬಂದ್ರಾ? ಯಾರು ಹೇಳಿದ್ರು ನಿಮಗೆ?”

ಯೋರ್ದಾನಾ ಮೇಷ್ಟ್ರ ಪಕ್ಕೆಗೆ ತಿವಿದಳು. “ಈಗ್ಲಾದ್ರೂ ಬಾಯಿ ಬಿಡೋ!”

ಇಡೀ ಬೀದಿ ಉಸಿರು ಬಿಗಿಹಿಡಿದು ಅವರ ತುಟಿಯನ್ನೇ ನೋಡಿತು. ಅಷ್ಟು ಕಣ್ಣುಗಳ ಮುಂದೆ ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ಬಸ್ಸಲ್ಲಿ... ಕಿಟಕಿ ಪಕ್ಕ ಕೂತ್ಕೋಬೇಡಿ,” ಎಂದರು. “ಶಾಖ ಎಲ್ಲ ಗಾಜಿನ ಮೂಲಕ ಹೋಗ್ಬಿಡುತ್ತೆ.”